ಹಳೆಯ ಕ್ಯಾಮರಾವೂ ಸೋವಿಯೆತ್ ಮಸೂರವೂ



ಕಳೆದ ಸಂಚಿಕೆಯಲ್ಲಿ ನಿಂತುಹೋದ ಗೋಡೆಗಡಿಯಾರವನ್ನು ನಡೆಯಿಸುವ ಕ್ರಮವನ್ನು ಬರೆದುದಾಯಿತಷ್ಟೆ. ಅದನ್ನು ಓದಿದ ಕೆಲವರು, ಹಿರಿಯರು ಬಿಟ್ಟುಹೋದ ಕ್ಯಾಮರಾಗಳ ವಿಷಯವಾಗಿಯೂ ನಾಲ್ಕು ಮಾತು ಬರೆಯಬೇಕೆಂದು ಕೇಳಿಕೊಂಡಿರುವರು. ಗಡಿಯಾರವು ನಿಂತರೆ ನಿಂತಿತೆಂದು ಮನೆಮಂದಿಗೆಲ್ಲ ತಿಳಿಯುವುದು. ಕ್ಯಾಮರಾದ ಸಂಗತಿ ಹಾಗಲ್ಲ. ಅದು ಕೆಲಸಮಾಡುತ್ತಲೇ ಇರುವುದು. ಪಟಗಳೂ ಬರುತ್ತಲೇ ಇರುವುವು. ಆದರೆ ಪಟದೊಳಗಿನ ಮುಖ ಮಾತ್ರ ಮಂಜು ಕವಿದಂತಿರುವುದು. ಆಗ ಮನೆಯವರು ಪಟ ತೆಗೆದವನ ಕೈಯನ್ನು ದೂರುವರು. ತೆಗೆದವನು ಮಸೂರವನ್ನು ದೂರುವನು. ನಮ್ಮ ಮನೆಯಲ್ಲಿ ಈ ದೂರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಕಡೆಗೆ ನೋಡಿದರೆ ದೋಷವು ಕೈಯಲ್ಲಿಯೂ ಇರಲಿಲ್ಲ, ಮಸೂರದಲ್ಲಿಯೂ ಇರಲಿಲ್ಲ. ಎರಡು ಒಳ್ಳೆಯ ವಸ್ತುಗಳ ನಡುವೆ ಒಂದು ಹಾಳೆ ಕಾಗದದಷ್ಟು ಅಂತರವಿದ್ದಿತು. ಆ ಅಂತರವನ್ನು ಕಂಡುಹಿಡಿದು ತುಂಬಿದ ಬಗೆಯನ್ನೇ ಈ ಸಲ ನಿವೇದಿಸುತ್ತೇನೆ.

ನಮ್ಮದು ಮಂಡ್ಯದ ಬಳಿಯ ಹೊಳಲು ಗ್ರಾಮ. ನನ್ನ ತೀರ್ಥರೂಪರು ಉಪಾಧ್ಯಾಯರಾಗಿದ್ದವರು. ಅವರಿಗೆ ಇದ್ದ ಹವ್ಯಾಸ ಒಂದೇ, ಅದು ಛಾಯಾಗ್ರಹಣ. ಮೈಸೂರಿನಲ್ಲಿ ಯಾರೋ ಮಾರಲಿಟ್ಟಿದ್ದ ಹಳೆಯ ಲೈಕಾ ಕ್ಯಾಮರಾವನ್ನು, ಎರಡು ವರ್ಷ ಹಣ ಕೂಡಿಹಾಕಿ ಕೊಂಡು ತಂದಿದ್ದರು. ನಾಲೆಯ ಸೀಮೆಯ ತೇವಕ್ಕೆ ಅದರ ಮಸೂರದೊಳಗೆ ಬೂಷ್ಟು ಹಿಡಿದು ಕೆಲವು ವರ್ಷಗಳಲ್ಲಿಯೇ ಗಾಜು ಕೆಟ್ಟುಹೋಯಿತು. ಆ ಕಾಲದಲ್ಲಿ ಮಾಸ್ಕೋ ನಗರದಲ್ಲಿ ವ್ಯಾಸಂಗಮಾಡಿ ಬಂದಿದ್ದ ಅವರ ಸ್ನೇಹಿತರೊಬ್ಬರು, ತಾವು ತಂದಿದ್ದ ‘ಯೂಪಿಟರ್-8’ ಎಂಬ ಸೋವಿಯೆತ್ ಮಸೂರವನ್ನು ಪ್ರೀತಿಯಿಂದ ಕೊಟ್ಟರು. ಅದು ಲೈಕಾದ ಬಾಯಿಗೆ ಅಳತೆಕೊಟ್ಟು ಮಾಡಿಸಿದಂತೆ ತಿರುಗಿ ಕುಳಿತಿತು. ತೀರ್ಥರೂಪರಿಗಾದ ಸಂತೋಷವನ್ನು ಹೇಳತೀರದು.

ಆದರೆ ಅಂದಿನಿಂದ ಅವರ ಪಟಗಳಲ್ಲಿ ಒಂದು ವಿಚಿತ್ರ ಕಾಣಿಸಿಕೊಂಡಿತು. ಊರ ತೇರು, ಆಲೆಮನೆಯ ಹೊಗೆ, ಗದ್ದೆಯ ಬಯಲು, ಶಾಲೆಯ ಮಕ್ಕಳ ಸಾಲು ಇವೆಲ್ಲ ಕನ್ನಡಿಯಲ್ಲಿ ಕಂಡಂತೆ ಬರುತ್ತಿದ್ದುವು. ಮನೆಯ ನಡುಮನೆಯಲ್ಲಿ ಹತ್ತಿರ ಕೂರಿಸಿಕೊಂಡು ತೆಗೆದ ಮುಖಗಳು ಮಾತ್ರ ಮಬ್ಬು. “ನನ್ನ ಕೈ ನಡುಗುತ್ತೆ, ವಯಸ್ಸಾಯಿತು” ಎಂದು ಅವರು ತಮ್ಮನ್ನೇ ದೂರಿಕೊಂಡರು. ಕಡೆಕಡೆಗೆ ಕ್ಯಾಮರಾವನ್ನು ಪೆಟ್ಟಿಗೆಯಲ್ಲಿಟ್ಟು, ಮತ್ತೆ ತೆಗೆಯಲಿಲ್ಲ. ಆ ಮಾತನ್ನು ನಂಬಿಕೊಂಡೇ ಅವರು ಕಾಲವಾದರು.

ಕೆಲವು ವರ್ಷಗಳ ಹಿಂದೆ ನನ್ನ ತಾಯಿಯವರಿಗೆ ಸಹಸ್ರಚಂದ್ರದರ್ಶನ ಶಾಂತಿ ನಡೆಯಿತು. ಸಾವಿರ ಹುಣ್ಣಿಮೆಗಳು ಕಳೆಯಬೇಕಾದರೆ ಸುಮಾರು ಎಂಬತ್ತು ವರ್ಷ ಹತ್ತು ತಿಂಗಳು ಹಿಡಿಯುವುದು. ಆ ಶುಭದಿನದಂದು ತೀರ್ಥರೂಪರ ಕ್ಯಾಮರಾದಲ್ಲಿಯೇ ಪಟ ತೆಗೆಯಬೇಕೆಂದು ನನಗೆ ಆಸೆಯಾಯಿತು. ಸಂಜೆ ನಡುಮನೆಯಲ್ಲಿ ದೀಪದ ಬೆಳಕಿನಲ್ಲಿ ಅವರನ್ನು ಸ್ವಲ್ಪ ಓರೆಯಾಗಿ ಕೂರಿಸಿ, ಒಂದು ಮೀಟರು ದೂರದಿಂದ, ಮಸೂರದ ರಂಧ್ರವನ್ನು ಪೂರ್ತಿಯಾಗಿ ತೆರೆದು ಪಟ ತೆಗೆದೆ. ಹೊರಗೆ ಬಂದಾಗ ತೆಂಗಿನ ತೋಟದ ಮೇಲೆ ಚಂದ್ರೋದಯವಾಗಿದ್ದಿತು. ಅದನ್ನೂ ಒಂದು ತೆಗೆದೆ. ಫಿಲ್ಮನ್ನು ತೊಳೆದು ನೋಡಿದರೆ, ಎಳ್ಳಿನ ಕಾಳಿಗಿಂತ ಚಿಕ್ಕದಾಗಿ ಮೂಡಿದ್ದ ಆ ಚಂದ್ರನ ಅಂಚು ಸೂಜಿಯಿಂದ ಗೀರಿದಷ್ಟು ಸ್ಫುಟವಾಗಿದ್ದಿತು; ತೆಂಗಿನ ಗರಿಗಳನ್ನು ಒಂದೊಂದಾಗಿ ಎಣಿಸಬಹುದಾಗಿದ್ದಿತು. ತಾಯಿಯವರ ಕಣ್ಣುಗಳು ಮಾತ್ರ ಮಬ್ಬಾಗಿದ್ದುವು. ಅವರು ಪಟವನ್ನು ಕೈಯಲ್ಲಿ ಹಿಡಿದುಕೊಂಡು, “ಅಷ್ಟು ದೂರದ ಚಂದ್ರ ನೆಟ್ಟಗೆ ಬಂದಿದಾನೆ, ಪಕ್ಕದಲ್ಲೇ ಕೂತಿದ್ದ ನಾನು ಯಾಕಪ್ಪ ಹೀಗೆ ಮಸಕಾಗಿ ಬಂದಿದೀನಿ?” ಎಂದು ನಕ್ಕರು.

ಪಟ್ಟಣದ ದುರಸ್ತಿಗಾರರೊಬ್ಬರಿಗೆ ತೋರಿಸಿದೆ. ಅವರು ಮಸೂರವನ್ನು ಒಂದು ಸಲ ತಿರುಗಿಸಿ ನೋಡಿ, ಇದು ಕೀಳು ಸಾಮಾನು, ಎಸೆದುಬಿಡಿ ಎಂದರು. ಕೀಳು ಸಾಮಾನಾಗಿದ್ದರೆ ಚಂದ್ರನು ಹೇಗೆ ಅಷ್ಟು ಚೆನ್ನಾಗಿ ಬಂದನೆಂಬುದಕ್ಕೆ ಅವರಲ್ಲಿ ಉತ್ತರವಿರಲಿಲ್ಲ. ತಾಯಿಯವರ ಪ್ರಶ್ನೆಯೇ ಸರಿಯಾದ ಪ್ರಶ್ನೆಯೆಂದು ನನಗೆ ಅಂದು ಹೊಳೆಯಿತು. ದೂರದ್ದು ಸರಿಯಾಗಿ ಬಂದು ಹತ್ತಿರದ್ದು ಏಕೆ ತಪ್ಪುವುದು?

ಇಲ್ಲಿ ವಾಚಕರು ಮೊದಲು ಒಂದು ಭೇದವನ್ನು ಅರಿತುಕೊಳ್ಳತಕ್ಕದ್ದು. ಕೈ ನಡುಗಿ ಕೆಟ್ಟ ಪಟದಲ್ಲಿ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತೆ ಕದಡಿರುವುದು. ಅದರಲ್ಲಿ ಸ್ಫುಟವಾದುದು ಯಾವುದೂ ಸಿಕ್ಕದು. ನಾಭಿ ತಪ್ಪಿ ಕೆಟ್ಟ ಪಟದಲ್ಲಿ ಹಾಗಲ್ಲ. ಬೇಕಾದುದು ಮಬ್ಬಾಗಿದ್ದರೂ ಅದರ ಮುಂದೆಯೋ ಹಿಂದೆಯೋ ಇನ್ನೇನೋ ಒಂದು ಸ್ಫುಟವಾಗಿಯೇ ಇರುವುದು. ತಾಯಿಯವರ ಪಟವನ್ನು ಭೂತಗನ್ನಡಿಯಿಟ್ಟು ನೋಡಿದೆ. ಕಣ್ಣಿಗಿಂತ ಸ್ವಲ್ಪ ಹಿಂದಿದ್ದ ಕೆನ್ನೆಯ ಮಗ್ಗುಲಿನ ಸುಕ್ಕುಗಳು ಸ್ಪಷ್ಟವಾಗಿದ್ದುವು. ಕಿವಿಯ ಓಲೆಯ ಹರಳುಗಳನ್ನು ಎಣಿಸಬಹುದಾಗಿದ್ದಿತು. ಆದಕಾರಣ ಕೈ ನಡುಗಿರಲಿಲ್ಲ. ಕ್ಯಾಮರಾವು ಕಣ್ಣನ್ನು ನೋಡುತ್ತೇನೆಂದು ಹೇಳಿ ಓಲೆಯ ಕಡೆಗೆ ನೋಡಿದ್ದಿತು.

ಇದು ಆಗುವ ಬಗೆಯನ್ನು ತಿಳಿಯಬೇಕಾದರೆ ಇಂತಹ ಕ್ಯಾಮರಾದ ರಚನೆಯನ್ನು ಸ್ವಲ್ಪ ನೋಡಬೇಕು. ಇದರಲ್ಲಿ ನಾವು ನೋಡುವುದು ಮಸೂರದ ಮೂಲಕವಲ್ಲ. ಮೇಲ್ಭಾಗದಲ್ಲಿ ದೂರಮಾಪಕವೆಂಬ ಒಂದು ಪ್ರತ್ಯೇಕ ಸಾಧನ ಇರುವುದು. ಅದಕ್ಕೆ ಎರಡು ಪುಟ್ಟ ಕಿಟಕಿಗಳು. ಎರಡರಿಂದಲೂ ಬಂದ ಬಿಂಬಗಳು ಒಂದರ ಮೇಲೊಂದು ಬೀಳುವುವು. ಮಸೂರವನ್ನು ತಿರುಗಿಸಿದಂತೆಲ್ಲ ಅದು ಮುಂದಕ್ಕೆ ಬರುವುದು; ಅದರ ಹಿಂಬದಿಯ ಬಳೆಗೆ ಒತ್ತಿಕೊಂಡಿರುವ ಒಂದು ಚಿಕ್ಕ ತೋಳು ಈ ಚಲನೆಯನ್ನು ದೂರಮಾಪಕಕ್ಕೆ ತಿಳಿಸುವುದು. ಎರಡು ಬಿಂಬಗಳು ಕೂಡಿ ಒಂದಾದೊಡನೆ ನಾಭಿ ಸರಿಯಾಯಿತೆಂದು ನಾವು ಗುಂಡಿಯನ್ನು ಒತ್ತುವೆವು. ಅಂದರೆ ನೋಡುವವನು ಒಬ್ಬ, ಚಿತ್ರಿಸುವವನು ಇನ್ನೊಬ್ಬ. ನಡುವೆ ಸುದ್ದಿ ಒಯ್ಯುವವನು ಆ ತೋಳು. ಸುದ್ದಿಯನ್ನು ಹೇಳುವವನ ಅಳತೆಗೋಲೂ ಕೇಳುವವನ ಅಳತೆಗೋಲೂ ಒಂದೇ ಆಗಿದ್ದರೆ ಮಾತ್ರ ಪಟ ಸರಿಯಾಗುವುದು.

ಈಗ ಆ ಅಳತೆಗೋಲುಗಳ ಚರಿತ್ರೆ. ಜರ್ಮನಿಯ ವೆಟ್ಸ್ಲರ್ ಎಂಬ ಊರಿನ ಲೈಟ್ಸ್ ಕಾರ್ಖಾನೆಯವರು ಆಸ್ಕರ್ ಬಾರ್ನಾಕ್ ಎಂಬ ಕುಶಲಿಯು ರಚಿಸಿದ ಲೈಕಾವನ್ನು 1925ರಲ್ಲಿ ಮಾರುಕಟ್ಟೆಗೆ ತಂದರು. ಮೊದಮೊದಲು ಒಂದೊಂದು ಮಸೂರವನ್ನೂ ಒಂದೊಂದು ಕ್ಯಾಮರಾಕ್ಕೆ ಪ್ರತ್ಯೇಕವಾಗಿ ಹೊಂದಿಸುತ್ತಿದ್ದರು. 1931ರ ಹೊತ್ತಿಗೆ, ಮಸೂರ ಕೂರುವ ಬಾಯಿಯ ಅಂಚಿನಿಂದ ಫಿಲ್ಮಿನವರೆಗೆ 28.8 ಮಿಲಿಮೀಟರು ಎಂಬ ಒಂದೇ ಅಳತೆ ನಿಂತಿತು. ಮರುವರ್ಷ, ಮಸೂರದೊಡನೆ ಕೂಡಿಕೊಂಡ ದೂರಮಾಪಕವೂ ಬಂದಿತು. ಲೈಕಾದ ಮಸೂರದ ಮೇಲೆ 5 ಸೆಂಟಿಮೀಟರು ನಾಭಿದೂರವೆಂದು ಬರೆದಿದ್ದರೂ, ಅದರ ನಿಜವಾದ ನಾಭಿದೂರ ಸುಮಾರು 51.6 ಮಿಲಿಮೀಟರು, ದೂರಮಾಪಕದ ತೋಳೂ ಆ ಲೆಕ್ಕಕ್ಕೇ ನಡೆಯುವುದು.

ಅದೇ 1932ರಲ್ಲಿ ಜರ್ಮನಿಯ ಸೈಸ್ ಕಾರ್ಖಾನೆಯವರು ಕಾಂಟಾಕ್ಸ್ ಎಂಬ ಎದುರಾಳಿ ಕ್ಯಾಮರಾವನ್ನು ಹೊರತಂದರು. ಅದಕ್ಕಾಗಿ ಲುಡ್ವಿಗ್ ಬೆರ್ಟೆಲೆ ಎಂಬ ಮಸೂರತಜ್ಞನು ಸೊನಾರ್ ಎಂಬ ಉತ್ತಮ ಮಸೂರವನ್ನು ರಚಿಸಿಕೊಟ್ಟನು. ಅದರ ಮೇಲೂ 5 ಸೆಂಟಿಮೀಟರೆಂದೇ ಬರೆದಿರುವುದು. ಆದರೆ ಸೈಸ್‌ನವರ ನಿಜವಾದ ಲೆಕ್ಕ ಸುಮಾರು 52.4. ಸೋವಿಯೆತ್ ದೇಶದಲ್ಲಿ ಈ ಎರಡು ವಂಶಗಳೂ ಹೋಗಿ ಬೆಳೆದುವು. ಖಾರ್ಕೋವ್ ನಗರದಲ್ಲಿ ಅನಾಥ ಮಕ್ಕಳಿಗಾಗಿ ನಡೆಯುತ್ತಿದ್ದ, ಶಿಕ್ಷಣತಜ್ಞ ಮಕರೆಂಕೊ ಅವರ ಹೆಸರಿನೊಡನೆ ಸೇರಿಕೊಂಡಿರುವ ಶ್ರಮಾಶ್ರಮದಲ್ಲಿ, 1934ರಿಂದ ಲೈಕಾದ ಮಾದರಿಯಲ್ಲಿ ಫೆಡ್ ಕ್ಯಾಮರಾಗಳು ತಯಾರಾದುವು. ಎರಡನೆಯ ಮಹಾಯುದ್ಧವಾದ ಮೇಲೆ ಕಾಂಟಾಕ್ಸಿನ ಯಂತ್ರೋಪಕರಣಗಳು ಸೋವಿಯೆತ್ತರ ಕೈಸೇರಿ, 1947ರಿಂದ ಕೀವ್ ಎಂಬ ಹೆಸರಿನ ಕ್ಯಾಮರಾ ಬಂದಿತು. 1948ರಿಂದ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯಲ್ಲಿ ಜೋರ್ಕಿ ಎಂಬುದು ಸಿದ್ಧವಾಗತೊಡಗಿತು. ಜೋರ್ಕಿ-4 ಎಂಬ ಒಂದೇ ಮಾದರಿ 1956ರಿಂದ 1973ರವರೆಗೆ 17 ಲಕ್ಷಕ್ಕೂ ಮಿಕ್ಕು ತಯಾರಾಯಿತೆಂದರೆ ಅವುಗಳ ಸಂಖ್ಯೆಯನ್ನು ಊಹಿಸಬಹುದು. ಖಾರ್ಕೋವ್, ಕೀವ್ ನಗರಗಳು ಇಂದು ಉಕ್ರೇನಿಗೆ ಸೇರಿವೆ. ಸೋವಿಯೆತ್ ಒಕ್ಕೂಟವು 1991ರಲ್ಲಿ ಕೊನೆಗೊಂಡಿತು. ಆ ಮಸೂರಗಳು ಮಾತ್ರ ಲೋಕದ ನಾನಾ ಮನೆಗಳಲ್ಲಿ ಉಳಿದುಕೊಂಡಿವೆ.

ಯೂಪಿಟರ್-8 ಎಂಬುದು ಸೊನಾರಿನ ಮಗುವೆಂದೇ ಹೇಳಬಹುದು. ಮೂರು ಗುಂಪುಗಳಲ್ಲಿ ಆರು ಗಾಜುಗಳು. ಪೂರ್ತಿ ತೆರೆದಾಗ ಎಫ್ 2ರ ರಂಧ್ರ. ಅದನ್ನು ಲೈಕಾದ 39 ಮಿಲಿಮೀಟರಿನ ತಿರುಪಿನ ಬಾಯಿಗೆ ಹೊಂದುವಂತೆಯೂ ಮಾಡಿದರು, ಕೀವ್ ಕ್ಯಾಮರಾದ ಬೇರೆಯ ಬಾಯಿಗೂ ಮಾಡಿದರು. ಕೊಳ್ಳುವವರು ಇದನ್ನು ನೋಡಿ ಕೊಳ್ಳಬೇಕು. ತಿರುಪು ಲೈಕಾದ್ದು, ಗಾಜಿನ ಲೆಕ್ಕ ಸೈಸ್‌ನದು. ತವರೂರಿನ ಕ್ಯಾಮರಾದಲ್ಲಿ ಅದು ಸಾಮಾನ್ಯವಾಗಿ ಹೊಂದಿಕೊಂಡು ನಡೆಯುವುದು. ಲೈಕಾಕ್ಕೆ ಬಂದಾಗಲೇ 51.6ಕ್ಕೂ 52.4ಕ್ಕೂ ಇರುವ ವ್ಯತ್ಯಾಸ ತಲೆದೋರುವುದು.

ಆ ವ್ಯತ್ಯಾಸ ಎಷ್ಟೆಂಬುದನ್ನು ನಾನು ಲೆಕ್ಕಹಾಕಿ ನೋಡಿದೆ. ಬಹುದೂರದ ವಸ್ತುವಿಗೆ ಎರಡು ಮಸೂರಗಳೂ ಮುಂದೆ ಬರಬೇಕಾದುದೇ ಇಲ್ಲ. ಆದಕಾರಣ ಚಂದ್ರನಲ್ಲಿ ಜಗಳವಿಲ್ಲ. ಐದು ಮೀಟರು ದೂರದ ವಸ್ತುವಿಗಾದರೆ ಎರಡರ ಚಲನೆಗೂ ಇರುವ ಅಂತರ 0.02 ಮಿಲಿಮೀಟರಿಗೂ ಕಡಮೆ. ಎರಡು ಮೀಟರಿಗೆ ಸುಮಾರು 0.045. ಒಂದು ಮೀಟರಿಗೆ ಲೈಕಾದ ಲೆಕ್ಕದಂತೆ ಮಸೂರವು 2.98 ಮಿಲಿಮೀಟರು ಮುಂದೆ ಬಂದರೆ ಸಾಕು. ಯೂಪಿಟರ್ ಬರಬೇಕಾದುದು 3.08. ದೂರಮಾಪಕವು ಸಾಕೆಂದು ಹೇಳಿದ ಕಡೆಯಲ್ಲಿ ನಾವು ನಿಲ್ಲಿಸುವೆವು. ಮಸೂರಕ್ಕೆ ಇನ್ನೂ 0.1 ಮಿಲಿಮೀಟರು ಬಾಕಿ ಉಳಿಯುವುದು. ಬರೆಯುವ ಸಾಧಾರಣ ಕಾಗದದ ಒಂದು ಹಾಳೆಯ ದಪ್ಪ ಇಷ್ಟೇ.

ಇಷ್ಟು ಅಲ್ಪಕ್ಕೆ ಇಷ್ಟು ರಾದ್ಧಾಂತವೇ ಎಂದು ಯಾರಾದರೂ ಕೇಳಬಹುದು. ನಮ್ಮ ಸೀಮೆಯ ಆಲೆಮನೆಯಲ್ಲಿ ನಿಂತು ನೋಡಿದವರಿಗೆ ಇದು ಅರ್ಥವಾಗುವುದು. ಗಾಣದ ಉರುಳೆಗಳ ನಡುವಣ ಸಂದು ಸ್ವಲ್ಪ ಹೆಚ್ಚಿದರೆ ಹಾಲು ಸಿಪ್ಪೆಯಲ್ಲಿಯೇ ಉಳಿಯುವುದು. ಕಬ್ಬಿನಲ್ಲಿಯೂ ದೋಷವಿಲ್ಲ, ಗಾಣದಲ್ಲಿಯೂ ದೋಷವಿಲ್ಲ. ಮಸೂರದಲ್ಲಿಯೂ ಹಾಗೆಯೇ. ರಂಧ್ರವನ್ನು ಎಫ್ 2ಕ್ಕೆ ತೆರೆದಾಗ ಫಿಲ್ಮಿನ ಹಿಂದುಮುಂದೆ ನಾಭಿಗೆ ಇರುವ ಅವಕಾಶ, ಸಾಮಾನ್ಯವಾಗಿ ಹಿಡಿಯುವ ಲೆಕ್ಕದಲ್ಲಿ, ಕೇವಲ 0.06 ಮಿಲಿಮೀಟರು. ಒಂದು ಮೀಟರಿನ 0.1 ಅದನ್ನು ದಾಟಿಹೋಗುವುದು. ಅದರ ಫಲವಾಗಿ ಸ್ಫುಟತೆಯ ಜಾಗ ಮೂರು ಸೆಂಟಿಮೀಟರಿನಷ್ಟು ಹಿಂದಕ್ಕೆ ಸರಿಯುವುದು. ಕಣ್ಣಿನಿಂದ ಕಿವಿಯ ಕಡೆಗೆ ಹೋಗುವ ದಾರಿ ಅದೇ ಅಲ್ಲವೇ?

ರೋಗವು ತಿಳಿದಂತಾಯಿತು. ಆದರೂ ಚಿಕಿತ್ಸೆಗೆ ಮೊದಲು ಪರೀಕ್ಷೆ ಅವಶ್ಯಕ. ಏತಕ್ಕೆಂದರೆ ಈ ಮಸೂರಗಳ ವಯಸ್ಸು ಐವತ್ತು ಅರವತ್ತು ವರ್ಷ. ಎಷ್ಟೋ ಕೈಗಳು ಅವುಗಳನ್ನು ಬಿಚ್ಚಿ ಜೋಡಿಸಿರಬಹುದು. ಒಂದರ ಬಳೆ ಇನ್ನೊಂದಕ್ಕೆ ಹೋಗಿರಬಹುದು. ಯುದ್ಧಕ್ಕೆ ಮುಂಚಿನ ಫೆಡ್‌ಗಳಲ್ಲಂತೂ 28.8 ಎಂಬ ಅಳತೆಯೇ ಸ್ಥಿರವಾಗಿರಲಿಲ್ಲ. ಒಂದು ಕ್ಯಾಮರಾದ ಮಸೂರ ಅದಕ್ಕೇ ಮೀಸಲು. ಆದಕಾರಣ ನನ್ನ ಅಂಕಿಗಳನ್ನು ನಂಬಿ ಯಾರೂ ತಿರುಪುಳಿಯನ್ನು ಕೈಗೆತ್ತಿಕೊಳ್ಳಬಾರದು. ತಮ್ಮ ತಮ್ಮ ಮಸೂರವನ್ನೇ ಕೇಳಿ ನೋಡತಕ್ಕದ್ದು.

ಮೊದಲನೆಯ ಪರೀಕ್ಷೆ ದೂರಮಾಪಕದ್ದು. ಮಸೂರವನ್ನು ಅನಂತದ ಗುರುತಿಗೆ ತಿರುಗಿಸಿ ಚಂದ್ರನನ್ನಾಗಲಿ, ಒಂದು ಕಿಲೋಮೀಟರಿಗೆ ಕಡಮೆಯಿಲ್ಲದ ದೂರವಾಣಿ ಗೋಪುರವನ್ನಾಗಲಿ ನೋಡುವುದು. ಎರಡು ಬಿಂಬಗಳು ಒಂದಾಗಬೇಕು. ಆಗದಿದ್ದರೆ ತಪ್ಪು ದೂರಮಾಪಕದಲ್ಲಿದೆ, ಮಸೂರವನ್ನು ಮುಟ್ಟಬಾರದು. ಬಹುಮಟ್ಟಿಗೆ ಇಂತಹ ಕ್ಯಾಮರಾಗಳ ಮುಂಭಾಗದಲ್ಲಿ ಒಂದು ಪುಟ್ಟ ಮುಚ್ಚಳದ ತಿರುಪು ಇದ್ದು, ಅದನ್ನು ತೆಗೆದರೆ ಒಳಗೆ ಸರಿಪಡಿಸುವ ತಿರುಪು ಸಿಕ್ಕುವುದು. ಅದನ್ನು ಕೂದಲೆಳೆಯಷ್ಟು ತಿರುಗಿಸಿದರೂ ಬಿಂಬ ಸರಿಯುವುದು, ಅವಸರ ಕೂಡದು.

ಎರಡನೆಯದು ಮಸೂರವು ನಿಜವಾಗಿ ಅನಂತವನ್ನು ಮುಟ್ಟುವುದೇ ಎಂಬುದು. ಫೆಡ್-2, ಜೋರ್ಕಿ-4 ಮುಂತಾದ, ಬೆನ್ನು ಕಳಚುವ ಕ್ಯಾಮರಾಗಳಲ್ಲಿ ಇದು ಸುಲಭ. ಫಿಲ್ಮು ಹಾಯುವ ಒಳಪಟ್ಟಿಗಳ ಮೇಲೆ ಉಜ್ಜಿದ ಗಾಜಿನ ತುಣುಕೊಂದನ್ನು, ಉಜ್ಜಿದ ಮೈ ಮಸೂರದ ಕಡೆಗಿರುವಂತೆ ಇಟ್ಟು, ‘ಬಿ’ ಗುರುತಿನಲ್ಲಿ ಕವಾಟವನ್ನು ತೆರೆದು ಹಿಡಿದರೆ ಬಿಂಬವನ್ನು ಭೂತಗನ್ನಡಿಯಿಂದ ಕಣ್ಣಾರೆ ನೋಡಬಹುದು. ನಮ್ಮ ಲೈಕಾದಂತೆ ಅಡಿಯಿಂದ ಫಿಲ್ಮು ತುಂಬುವ ಕ್ಯಾಮರಾಗಳಲ್ಲಿ ಇದಕ್ಕೆ ಎಡೆಯಿಲ್ಲ. ಫಿಲ್ಮಿನ ಮೇಲೆಯೇ ತೆಗೆದು ನೋಡಬೇಕು. ನನ್ನ ಚಂದ್ರನ ಪಟವೇ ಈ ಪರೀಕ್ಷೆಯನ್ನು ನನಗರಿಯದೆ ಮಾಡಿಕೊಟ್ಟಿದ್ದಿತು. ಈಚೆಗಿನ ಡಿಜಿಟಲ್ ಕ್ಯಾಮರಾ ಮನೆಯಲ್ಲಿದ್ದವರು ಜೋಡಿಸುವ ಬಳೆಯೊಂದನ್ನು ಕೊಂಡು ಮಸೂರವನ್ನು ಅದಕ್ಕೆ ತೊಡಿಸಿ, ಗಾಜು ಚೊಕ್ಕಟವಾಗಿದೆಯೇ ಎಂಬುದನ್ನು ನೋಡಿಕೊಳ್ಳಬಹುದು. ಆದರೆ ಅಲ್ಲಿ ದೂರಮಾಪಕದ ಕೂಡಿಕೆಯೇ ಇಲ್ಲವಾದುದರಿಂದ ಹೊಂದಾಣಿಕೆಯ ದೋಷ ಅಲ್ಲಿ ಕಾಣದು.

ಮೂರನೆಯದೇ ಮುಖ್ಯವಾದುದು, ಹತ್ತಿರದ ಪರೀಕ್ಷೆ. ಮೇಜಿನ ಮೇಲೆ ಮಕ್ಕಳ ಅಡಿಕೋಲೊಂದನ್ನು ಅರ್ಧ ಲಂಬಕ್ಕೆ, ಅಂದರೆ 45 ಅಂಶಕ್ಕೆ ಓರೆಯಾಗಿ ನಿಲ್ಲಿಸಿ, ಅದರ 15ನೆಯ ಗೆರೆಗೆ ಒಂದು ಕರಿಯ ದಾರವನ್ನು ಕಟ್ಟುವುದು. ಕ್ಯಾಮರಾವನ್ನು ಅಲುಗದಂತೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಫಿಲ್ಮಿನಿಂದ ದಾರಕ್ಕೆ ಸರಿಯಾಗಿ ಒಂದು ಮೀಟರು ಇರುವಂತೆ ಅಳೆಯುವುದು. ದೂರಮಾಪಕದಲ್ಲಿ ದಾರದ ಎರಡು ಬಿಂಬಗಳನ್ನೂ ಕೂಡಿಸಿ, ಎಫ್ 2, 4, 8 ಈ ಮೂರು ರಂಧ್ರಗಳಲ್ಲಿ ಒಂದೊಂದು ಪಟ ತೆಗೆಯುವುದು. ನನ್ನ ಮೊದಲ ಪಟದಲ್ಲಿ ದಾರವು ಮಬ್ಬಾಗಿ, ಅದರಾಚೆ ನಾಲ್ಕು ಸೆಂಟಿಮೀಟರಿಗೆ ಸ್ವಲ್ಪ ಮೇಲ್ಪಟ್ಟು ಇದ್ದ ಗೆರೆಗಳು ಸ್ಫುಟವಾಗಿದ್ದುವು. ಕೋಲು ಓರೆಯಾಗಿದ್ದುದರಿಂದ ಆಳದಲ್ಲಿ ಅದು ಮೂರು ಸೆಂಟಿಮೀಟರಾಯಿತು. ಲೆಕ್ಕವೂ ಪರೀಕ್ಷೆಯೂ ತಾಳೆಬಿದ್ದುವು. ಸ್ಫುಟವಾದ ಗೆರೆ ದಾರಕ್ಕಿಂತ ಹಿಂದೆ ಇದ್ದರೆ ಮಸೂರವನ್ನು ಮುಂದೆ ತರಬೇಕು. ಮುಂದೆ ಇದ್ದರೆ ಹಿಂದೆ ಸರಿಸಬೇಕು.

ಇನ್ನು ಚಿಕಿತ್ಸೆ. ಯೂಪಿಟರ್‌ನಲ್ಲಿ ಗಾಜುಗಳೆಲ್ಲ ಒಂದು ಒಳಕೊಳವೆಯಲ್ಲಿ ಇರುವುವು. ಆ ಕೊಳವೆ ಹೊರಗಣ ತಿರುಗುವ ಚೌಕಟ್ಟಿನೊಳಕ್ಕೆ ತಿರುಪಿನಿಂದ ಕೂರುವುದು. ಎರಡರ ನಡುವೆ ಒಂದು ತೆಳ್ಳನೆಯ ಲೋಹದ ಬಳೆಯುಂಟು. ಕಾರ್ಖಾನೆಯವರು ಒಂದೊಂದು ಮಸೂರವನ್ನೂ ಹೊಂದಿಸುತ್ತಿದ್ದುದು ಇದರ ದಪ್ಪದಿಂದಲೇ. ತಡೆಗಾಗಿ ಇಟ್ಟ ಪುಟ್ಟ ತಿರುಪುಗಳನ್ನು ಸಡಿಲಿಸಿದರೆ ಕೊಳವೆ ಹೊರಕ್ಕೆ ಬರುವುದು. ಹಿಂದಿನ ಬಳೆಯ ಜೊತೆಗೆ ಇನ್ನೊಂದು ತೆಳುಬಳೆಯನ್ನು ಸೇರಿಸಿದರೆ, ಆ ದಪ್ಪದಷ್ಟೇ ಗಾಜುಗಳು ಮುಂದೆ ಬರುವುವು. ದೂರಮಾಪಕದ ತೋಳನ್ನು ಒತ್ತುವ ಹಿಂಬಳೆ ಇದ್ದಲ್ಲಿಯೇ ಇರುವುದು. ಇದರಲ್ಲಿಯೇ ಉಪಾಯವೆಲ್ಲ ಇದೆ.

ಮೊದಲು ಪ್ರಯೋಗಕ್ಕಾಗಿ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಪಯೋಗಿಸಿದೆ. ಅದರ ಒಂದು ಪದರ 0.01ರಿಂದ 0.02 ಮಿಲಿಮೀಟರು ಇರುವುದು. ಹತ್ತು ಪದರಗಳನ್ನು ಸೇರಿಸಿ, ಶಾಲೆಯ ಪ್ರಯೋಗಶಾಲೆಯ ಸ್ಕ್ರೂಗೇಜಿನಿಂದ ಅಳೆದು ಹತ್ತರಿಂದ ಭಾಗಿಸಿದರೆ ಒಂದರ ದಪ್ಪ ನಂಬುಗೆಯಾಗಿ ತಿಳಿಯುವುದು. ಬೇಕಾದಷ್ಟು ಪದರಗಳನ್ನು ಬಳೆಯಾಕಾರಕ್ಕೆ ಕತ್ತರಿಸಿ ಇಟ್ಟು, ಅಡಿಕೋಲಿನ ಪರೀಕ್ಷೆಯನ್ನು ಮತ್ತೆ ಮಾಡಿದೆ. ಅಳತೆ ನಿಶ್ಚಯವಾದ ಮೇಲೆ, ಮೋಟಾರು ಬಿಡಿಭಾಗಗಳ ಅಂಗಡಿಯಲ್ಲಿ ದೊರೆಯುವ ಹಿತ್ತಾಳೆಯ ತೆಳುತಗಡಿನಿಂದ ಶಾಶ್ವತವಾದ ಬಳೆಯನ್ನು ಕತ್ತರಿಸಿದೆ. ಕಾಗದದ ಬಳೆಯನ್ನೇ ಇಡಬಾರದೇ ಎಂದರೆ ಇಡಬಾರದು. ಅದು ತೇವವನ್ನು ಹೀರಿ ಉಬ್ಬುವುದು, ಬೂಷ್ಟನ್ನೂ ಕರೆಯುವುದು. ಬಳೆ ಸೇರಿಸಿದ ಮೇಲೆ ರಂಧ್ರದ ಅಂಕಿಗಳು ಮೊದಲಿನ ಗುರುತಿಗಿಂತ ಸ್ವಲ್ಪ ಓರೆಗೆ ನಿಲ್ಲುವುದುಂಟು; ಅದಕ್ಕೆ ಗಾಬರಿಯಾಗಬೇಕಾಗಿಲ್ಲ.

ಈಗ ಒಂದು ಧರ್ಮಸಂಕಟ. ಗಾಜುಗಳನ್ನು 0.1 ಮಿಲಿಮೀಟರು ಮುಂದೆ ತಂದರೆ ಹತ್ತಿರದ್ದು ಸರಿಯಾಗುವುದು. ಆದರೆ ಅನಂತದ ಗುರುತಿನಲ್ಲಿ ಮಸೂರವು ಅನಂತವನ್ನು ನೋಡದೆ ಸುಮಾರು 27 ಮೀಟರಿನಷ್ಟು ದೂರವನ್ನು ನೋಡುವುದು. ದೂರಕ್ಕೆ ಸರಿಯಿಟ್ಟರೆ ಹತ್ತಿರ ತಪ್ಪು. ಹತ್ತಿರಕ್ಕೆ ಸರಿಯಿಟ್ಟರೆ ದೂರ ತಪ್ಪು. ಅರ್ಧ ಇತ್ತ, ಅರ್ಧ ಅತ್ತ ಎಂದು 0.05ರ ಬಳೆಯನ್ನು ಇಡುವವರೂ ಉಂಟು. ಹಾಗೆ ಇಟ್ಟರೆ ಎರಡು ಕಡೆಯ ತಪ್ಪೂ ಆ 0.06ರ ಅವಕಾಶದೊಳಗೆ ಅಡಗುವುದು. ಆದರೆ ಎರಡು ಕಡೆಯೂ ಅಂಚಿನಲ್ಲಿಯೇ ನಿಲ್ಲುವುದು.

ನಾನು ಬಹಳವಾಗಿ ಯೋಚಿಸಿ ಪೂರ್ತಿ 0.1ರ ಬಳೆಯನ್ನೇ ಇಟ್ಟೆ. ಅದಕ್ಕೆ ಕಾರಣವಿದೆ. ದೂರದ ಬಯಲು, ಬೆಟ್ಟ, ತೇರು ಇವುಗಳ ಪಟವನ್ನು ನಾವು ಹಗಲಿನಲ್ಲಿ ತೆಗೆಯುವೆವು. ಬೆಳಕು ಧಾರಾಳವಾಗಿರುವುದರಿಂದ ರಂಧ್ರವನ್ನು ಎಫ್ 5.6ಕ್ಕೋ 8ಕ್ಕೋ ಕಿರಿದುಮಾಡುವೆವು. ಎಫ್ 5.6ರಲ್ಲಿ ನಾಭಿಗೆ ಇರುವ ಅವಕಾಶ ಸುಮಾರು 0.17 ಮಿಲಿಮೀಟರು; ನಮ್ಮ 0.1 ಅದರೊಳಗೆ ಮುಳುಗಿಹೋಗುವುದು. ಮನೆಯವರ ಮುಖವನ್ನಾದರೋ ನಾವು ತೆಗೆಯುವುದು ನಡುಮನೆಯಲ್ಲಿ, ಸಂಜೆಯಲ್ಲಿ, ದೀಪದ ಮುಂದೆ. ಅಲ್ಲಿ ರಂಧ್ರವನ್ನು ಪೂರ್ತಿ ತೆರೆಯದೆ ಗತಿಯಿಲ್ಲ. ದೂರದ ವಸ್ತು ನಮ್ಮ ತಪ್ಪನ್ನು ಕ್ಷಮಿಸುವುದು; ಹತ್ತಿರದ್ದು ಕ್ಷಮಿಸದು. ಕ್ಷಮಿಸದವರ ಕಡೆಗೆ ಮೊದಲು ನ್ಯಾಯ ಒದಗಿಸುವುದೇ ಗೃಹಸ್ಥನ ಕೆಲಸ. ಮನೆಯ ಕ್ಯಾಮರಾ ಮನೆಯವರಿಗಾಗಿ ಇರುವುದೇ ಹೊರತು ಚಂದ್ರನಿಗಾಗಿ ಅಲ್ಲ.

ನಮ್ಮ ಮೈಸೂರಿನವರೇ ಆದ ಟಿ. ಎಸ್. ಸತ್ಯನ್ (1923–2009) ಅವರ ಹೆಸರನ್ನು ವಾಚಕರು ಕೇಳಿರಬಹುದು. 1977ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದ ಈ ಪತ್ರಿಕಾ ಛಾಯಾಗ್ರಾಹಕರ ಕೀರ್ತಿ ನಿಂತಿರುವುದು ಹೆಚ್ಚಾಗಿ ಸಾಮಾನ್ಯ ಜನರ ಮುಖಗಳ ಮೇಲೆ, ಮಕ್ಕಳ ಮುದುಕರ ನಿತ್ಯದ ಬಾಳಿನ ಮೇಲೆ. ಕ್ಯಾಮರಾವು ಮನುಷ್ಯನ ಸಮೀಪಕ್ಕೆ ಬಂದಾಗಲೇ ಸಾರ್ಥಕವಾಗುವುದೆಂಬುದಕ್ಕೆ ಅವರ ಪಟಗಳೇ ಸಾಕ್ಷಿ.

ಕೆಲವು ಎಚ್ಚರಿಕೆಗಳನ್ನು ಹೇಳಿ ಮುಗಿಸುತ್ತೇನೆ. ಹೊರಗಣ ತಿರುಗುವ ಚೌಕಟ್ಟನ್ನು ಮಾತ್ರ ಪೂರ್ತಿ ಬಿಚ್ಚಬಾರದು. ಅದರ ತಿರುಪಿಗೆ ಹಲವು ಬಾಯಿಗಳಿರುವುವು. ಬಿಚ್ಚಿದರೆ ಮತ್ತೆ ಕೂರಲು ಅನೇಕ ದಾರಿಗಳು, ಸರಿಯಾದ ದಾರಿ ಒಂದೇ. ಅನಿವಾರ್ಯವಾದರೆ ಕಳಚುವ ಸ್ಥಾನವನ್ನು ಪೆನ್ಸಿಲಿನಿಂದ ಗುರುತುಮಾಡಿಕೊಳ್ಳಬೇಕು. ಚಿಕ್ಕ ತಿರುಪುಗಳು ಬಿದ್ದರೆ ಸಿಕ್ಕುವಂತೆ ತಟ್ಟೆಯಲ್ಲಿ ಬಿಳಿಯ ಬಟ್ಟೆಯನ್ನು ಹಾಸಿಕೊಂಡು ಕೆಲಸಮಾಡುವುದು. ಮಸೂರವನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬಾರದು. ತೇವವನ್ನು ಹೀರುವ ಸಿಲಿಕಾ ಹರಳುಗಳೊಡನೆ ಬಿಗಿಯಾದ ಡಬ್ಬದಲ್ಲಿಟ್ಟು, ಆಗಾಗ ತೆಗೆದು ಉಪಯೋಗಿಸುವುದು. ಹೊಸದಾಗಿ ಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು: ಫೆಡ್, ಜೋರ್ಕಿಗಳ ಮೇಲೆ ಲೈಕಾ ಎಂದು ಕೆತ್ತಿ ಹೆಚ್ಚಿನ ಬೆಲೆಗೆ ಮಾರುವವರು ಉಂಟು. ಫೆಡ್ ಫೆಡ್ಡಾಗಿಯೇ ಒಳ್ಳೆಯದು. ವೇಷ ಹಾಕಿದರೆ ಮಾತ್ರ ಮೋಸ.

ಬಳೆಯನ್ನು ಇಟ್ಟ ಮರುದಿನ ಸಂಜೆ ತಾಯಿಯವರನ್ನು ಅದೇ ಜಾಗದಲ್ಲಿ, ಅದೇ ದೀಪದ ಮುಂದೆ ಕೂರಿಸಿದೆ. “ಈ ಸಲವಾದರೂ ಚಂದ್ರನಷ್ಟು ಚೆನ್ನಾಗಿ ಬರ್ತೀನೇನೋ?” ಎಂದರು. ಬಂದರು. ಕಣ್ಣಿನ ರೆಪ್ಪೆಯ ಒಂದೊಂದು ಕೂದಲೂ, ಪಾಪೆಯಲ್ಲಿ ದೀಪದ ಕುಡಿಯೂ ಕಾಣುವಂತೆ ಬಂದರು. ಆ ಪಟ ಈಗ ನಡುಮನೆಯಲ್ಲಿ ತೀರ್ಥರೂಪರ ಪಟದ ಪಕ್ಕದಲ್ಲಿದೆ.

ಅಂದು ರಾತ್ರಿ ತೀರ್ಥರೂಪರ ಹಳೆಯ ಫಿಲ್ಮುಗಳ ಡಬ್ಬವನ್ನು ತೆಗೆದು, ಒಂದೊಂದನ್ನೇ ದೀಪಕ್ಕೆ ಹಿಡಿದು ಭೂತಗನ್ನಡಿಯಿಂದ ನೋಡಿದೆ. ತಾಯಿಯವರನ್ನು ಅವರು ಎಷ್ಟು ಸಲ ತೆಗೆದಿದ್ದರೆಂಬುದು ನನಗೆ ಅಂದೇ ತಿಳಿದುದು. ಎಲ್ಲದರಲ್ಲಿಯೂ ಮುಖ ಮಬ್ಬು. ಎಲ್ಲದರಲ್ಲಿಯೂ ಕಿವಿಯ ಓಲೆ ಸ್ಫುಟ. ನಡುಗುವ ಕೈಗೆ ಓಲೆಯ ಹರಳು ಅಷ್ಟು ನಿಚ್ಚಳವಾಗಿ ಸಿಕ್ಕುವುದಿಲ್ಲ. ಅವರ ಕೈ ಕೊನೆಯವರೆಗೂ ಸ್ಥಿರವಾಗಿಯೇ ಇದ್ದಿತು. ಅವರಿಗೆ ಇದನ್ನು ಹೇಳುವ ಭಾಗ್ಯ ನನಗಿಲ್ಲದೆ ಹೋಯಿತು, ತಾಯಿಯವರಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ನಂಗೊತ್ತಿತ್ತು. ಅವರ ಕೈ ನಡುಗ್ತಿರಲಿಲ್ಲ” ಎಂದರು.

ವಾಚಕರ ಮನೆಯ ಪೆಟ್ಟಿಗೆಗಳಲ್ಲಿಯೂ ಇಂತಹ ಕ್ಯಾಮರಾಗಳು ಮಲಗಿರಬಹುದು. ಹಿರಿಯರ ಮಬ್ಬಾದ ಪಟಗಳು ಇರಬಹುದು. ಅವನ್ನು ಎಸೆಯುವುದಕ್ಕೆ ಮೊದಲು, ಯಾರನ್ನಾದರೂ ದೂರುವುದಕ್ಕೆ ಮೊದಲು, ಭೂತಗನ್ನಡಿಯನ್ನು ಹಿಡಿದು ಅವುಗಳಲ್ಲಿ ಎಲ್ಲಿ ಏನು ಸ್ಫುಟವಾಗಿದೆಯೆಂದು ಒಮ್ಮೆ ಹುಡುಕಬೇಕೆಂದು ಪ್ರಾರ್ಥಿಸುತ್ತೇನೆ.